ಸರ್ಕಾರದ ಮೇಲಿನ ದಾವೆಯೂ ಎರಡು ತಿಂಗಳ ಮೌನವೂ

ಸರ್ಕಾರದೊಡನೆ ವ್ಯವಹರಿಸಿ ನಷ್ಟಹೊಂದಿದ ವರ್ತಕನು ನ್ಯಾಯಸ್ಥಾನದ ಮೆಟ್ಟಿಲೇರುವ ಮುನ್ನ ಶಾಸನಸಭೆಯ ಅನುಮತಿಯನ್ನು ಬೇಡಬೇಕೆಂದರೆ ನಮ್ಮ ವಾಚಕರಿಗೆ ಸೋಜಿಗವಾದೀತು. ಅಮೆರಿಕದ ಟೆಕ್ಸಾಸ್ ಸಂಸ್ಥಾನದಲ್ಲಿ ಇದು ಕಟ್ಟುಕಥೆಯಲ್ಲ. ಅಲ್ಲಿಯ ಒಂದು ವಿಶ್ವವಿದ್ಯಾನಿಲಯಕ್ಕೆ ಆಟದ ಅಂಕಫಲಕಗಳನ್ನು ಒದಗಿಸಲು ಫೆಡರಲ್ ಸೈನ್ ಎಂಬ ಕಂಪನಿಯು ಕರಾರು ಮಾಡಿಕೊಂಡಿತ್ತು. ಕರಾರು ಮುರಿದುಬಿದ್ದು ಕಂಪನಿಯು ದಾವೆ ಹೂಡಿದಾಗ, ಕರಾರಿಗೆ ರುಜು ಹಾಕಿದ ಮಾತ್ರಕ್ಕೆ ಸಂಸ್ಥಾನವು ದಾವೆಗೆ ಒಪ್ಪಿದಂತಾಗದು, ಒಪ್ಪಿಗೆಯನ್ನು ಕೊಡಬೇಕಾದುದು ಶಾಸನಸಭೆಯೇ ಎಂದು ಆ ಸಂಸ್ಥಾನದ ಶ್ರೇಷ್ಠ ನ್ಯಾಯಾಲಯವು 1997ರಲ್ಲಿ ತೀರ್ಪಿತ್ತಿತು. ಬಳಿಕ ಬಂದ ಕಾಯಿದೆಗಳು ಈ ಕಟ್ಟನ್ನು ಕೆಲಮಟ್ಟಿಗೆ ಸಡಿಲಿಸಿವೆ.

ನಮ್ಮಲ್ಲಿ ಈ ಬಾಗಿಲು ತೆರೆದು ಬಹುಕಾಲವಾಯಿತು. ತೆರೆದದ್ದು ಒಂದು ಕುದುರೆಯ ದೆಸೆಯಿಂದ. ಕಲ್ಕತ್ತೆಯ ಸರ್ಕಾರಿ ಹಡಗುಕಟ್ಟೆಯ ಕೂಲಿಗಳು ಹೊತ್ತೊಯ್ಯುತ್ತಿದ್ದ ಕಬ್ಬಿಣವು ನೆಲಕ್ಕೆ ಬಿದ್ದ ಸದ್ದಿಗೆ ಬೆದರಿ, ಒಂದು ಹಡಗು ಕಂಪನಿಯ ಗಾಡಿಯ ಕುದುರೆ ಗಾಯಗೊಂಡಿತು. ಕಂಪನಿಯು ಕೇಳಿದ್ದು 350 ರೂಪಾಯಿ. ಈಸ್ಟ್ ಇಂಡಿಯಾ ಕಂಪನಿಯು ಹೊಣೆಯಾಗುತ್ತಿದ್ದಲ್ಲಿ ಸರ್ಕಾರವೂ ಹೊಣೆಯೆಂದು 1861ರಲ್ಲಿ ಮುಖ್ಯ ನ್ಯಾಯಾಧೀಶ ಸರ್ ಬಾರ್ನ್ಸ್ ಪೀಕಾಕರು ನಿರ್ಣಯಿಸಿದರು. ಅದೇ ತತ್ತ್ವವು ಸಂವಿಧಾನದ 300ನೆಯ ಅನುಚ್ಛೇದದಲ್ಲಿ ನೆಲೆಸಿದೆ. ಮೈಸೂರಿನಂತಹ ದೇಶೀಯ ಸಂಸ್ಥಾನಗಳ ಹೊಣೆಯೂ ಅದರಲ್ಲಿ ಅಡಕವಾಗಿದೆ.

ಆದುದರಿಂದ ನಾಗಮಂಗಲದಲ್ಲಿ ಸರ್ಕಾರಿ ಕಟ್ಟಡ ಕಟ್ಟಿದ ಗುತ್ತಿಗೆದಾರನಾಗಲಿ, ಕೃಷ್ಣರಾಜಪೇಟೆಯಲ್ಲಿ ಇಲಾಖೆಗೆ ಸಿಮೆಂಟು ಮಾರಿದ ವ್ಯಾಪಾರಿಯಾಗಲಿ ವಿಧಾನಸೌಧದ ಕಡೆಗೆ ಮುಖಮಾಡಬೇಕಿಲ್ಲ. ಆದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೆಯ ಪ್ರಕರಣದಂತೆ ಸರ್ಕಾರದ ಕಾರ್ಯದರ್ಶಿಗಾಗಲಿ ಮಂಡ್ಯದ ಜಿಲ್ಲಾಧಿಕಾರಿಗಾಗಲಿ ನೋಟೀಸು ತಲುಪಿಸಿ ಎರಡು ತಿಂಗಳು ಕಾಯತಕ್ಕದ್ದು. ಕಾದ ದಿನಗಳನ್ನು ವಾಯಿದೆಯಲ್ಲಿ ಹಿಡಿಯುವುದಿಲ್ಲವೆಂಬುದು ನಿಜ. ಆದರೆ ಸಾಲ ತಂದು ಕೂಲಿ ಕೊಟ್ಟವನ ಬಡ್ಡಿಯನ್ನು ಯಾರೂ ಹಾಗೆ ಬಿಡುವುದಿಲ್ಲವಷ್ಟೆ! ಗೆದ್ದ ಮೇಲೆಯೂ ಡಿಕ್ರಿಯ ಅಮಲಿಗೆ ಮತ್ತೆ ಮೂರು ತಿಂಗಳ ತಡೆಯುಂಟು.

ಈ ನೋಟೀಸಿಗೆ ಯಾವ ಅಪವಾದವೂ ಇಲ್ಲವೆಂದು ಪ್ರಿವಿ ಕೌನ್ಸಿಲು 1927ರಲ್ಲಿ ಕಟ್ಟುನಿಟ್ಟಾಗಿ ಹೇಳಿತು. ಜರೂರಿದ್ದಲ್ಲಿ ನ್ಯಾಯಾಲಯದ ಅಪ್ಪಣೆ ಪಡೆದು ನೋಟೀಸಿಲ್ಲದೆಯೇ ದಾವೆ ಹೂಡಬಹುದೆಂಬ ಸೌಕರ್ಯವು 1976ರ ತಿದ್ದುಪಡಿಯಿಂದ ಬಂದಿತು. ಕಾನೂನು ಆಯೋಗವಾದರೋ 1958ರಲ್ಲಿಯೇ ಈ ಪ್ರಕರಣವನ್ನು ತೆಗೆದುಹಾಕಬೇಕೆಂದಿತ್ತು, 1964ರಲ್ಲಿಯೂ ಅದನ್ನೇ ಹೇಳಿತು. ಪಾರ್ಲಿಮೆಂಟು ಕಿವಿಗೊಡಲಿಲ್ಲ.

ನೋಟೀಸನ್ನು ರದ್ದುಮಾಡಬೇಕೆಂದು ನಾವು ಹಟ ಹಿಡಿಯುವವರಲ್ಲ. ತಪ್ಪನ್ನು ಕಂಡು ಕೋರ್ಟಿನ ಹೊರಗೆಯೇ ಹಣ ತೀರಿಸಲು ಸರ್ಕಾರಕ್ಕೆ ಎರಡು ತಿಂಗಳ ಅವಕಾಶ ಕೊಡುವುದು ಪ್ರಜೆಯ ತೆರಿಗೆಗೂ ಕ್ಷೇಮವೇ. ನಮ್ಮ ಆಕ್ಷೇಪವೆಲ್ಲ ಆ ಎರಡು ತಿಂಗಳ ಮೌನದ ಮೇಲೆ. ಅನೇಕ ಪ್ರಸಂಗಗಳಲ್ಲಿ ನೋಟೀಸಿಗೆ ಉತ್ತರವೇ ಬರುವುದಿಲ್ಲ, ಬಂದರೂ ಅಸ್ಪಷ್ಟವಾಗಿರುತ್ತದೆ ಎಂದು 2005ರಲ್ಲಿ ಸೇಲಂ ವಕೀಲರ ಸಂಘದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟೇ ನುಡಿಯಿತು. ಉತ್ತರಕ್ಕೆ ಹೊಣೆಯಾದ ಅಧಿಕಾರಿಯೊಬ್ಬನನ್ನು ಪ್ರತಿ ಸರ್ಕಾರವೂ ಮೂರು ತಿಂಗಳೊಳಗೆ ನೇಮಿಸಬೇಕೆಂದೂ, ಉದಾಸೀನ ಕಂಡಲ್ಲಿ ಭಾರಿ ಖರ್ಚನ್ನು ವಿಧಿಸಿ ಅದನ್ನು ಆ ಅಧಿಕಾರಿಯಿಂದಲೇ ವಸೂಲು ಮಾಡಿಸಬಹುದೆಂದೂ ಆಜ್ಞಾಪಿಸಿತು.

ಇನ್ನೊಂದು ತೊಡಕುಂಟು. ಸರ್ಕಾರವು ಇಂದು ಹಲವು ವೇಷಗಳಲ್ಲಿ ವ್ಯಾಪಾರ ಮಾಡುತ್ತದೆ. ನಾಲೆಯ ಕೆಲಸ ಮಾಡಿಸುವ ಕಾವೇರಿ ನೀರಾವರಿ ನಿಗಮವು ಕಂಪನಿ. ಅದರ ಮೇಲಿನ ದಾವೆಗೆ ಈ 80ನೆಯ ಪ್ರಕರಣವು ತಗಲದು. ಪಾಂಡವಪುರದ ಸಕ್ಕರೆ ಕಾರ್ಖಾನೆಯಂತಹ ಸಹಕಾರಿ ಸಂಸ್ಥೆಯ ವ್ಯವಹಾರದ ಬಗ್ಗೆ ದಾವೆಯೆಂದರೆ, 1959ರ ಸಹಕಾರ ಸಂಘಗಳ ಕಾಯಿದೆಯಂತೆ ನೋಟೀಸು ಹೋಗಬೇಕಾದುದು ನಿಬಂಧಕರಿಗೆ. ಶ್ರೀರಂಗಪಟ್ಟಣದ ಸಣ್ಣ ವರ್ತಕನಿಗೆ ಇದೆಲ್ಲವನ್ನೂ ಬಿಡಿಸಿ ಹೇಳುವವರಾರು?

ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಇಂತಹ ನೋಟೀಸುಗಳಿಗೆಂದೇ ಒಂದು ರಿಜಿಸ್ಟರು ಇರಲಿ. ಬಂದ ತಾರೀಖು, ಉತ್ತರಿಸಬೇಕಾದ ಅಧಿಕಾರಿಯ ಹುದ್ದೆ, ಉತ್ತರ ಹೋದ ತಾರೀಖು ಅದರಲ್ಲಿ ದಾಖಲಾಗಲಿ. ತಾಲ್ಲೂಕು ಕಚೇರಿಗಳ ಫಲಕದ ಮೇಲೆ ತಿಂಗಳಿಗೊಮ್ಮೆ ಅದರ ನಕಲನ್ನು ಅಂಟಿಸಲು ಹೊಸ ಶಾಸನವೇನೂ ಬೇಕಾಗಿಲ್ಲ.