ಅಭ್ಯಾಸವಿಲ್ಲದ ಆಟ, ಆಟವಿಲ್ಲದ ಅಭ್ಯಾಸ

ವೃತ್ತಿಪರ ಫುಟ್‌ಬಾಲ್ ಆಟಗಾರ ಅಭ್ಯಾಸಕ್ಕೆ ಬಾರದೆ ನೇರವಾಗಿ ಪಂದ್ಯಕ್ಕೆ ಇಳಿಯಬಹುದೇ? ಪ್ರತಿಭೆಯಿದ್ದರೆ ಸಾಕು, ದಿನನಿತ್ಯದ ಕಸರತ್ತು ಸಾಮಾನ್ಯರಿಗೆ ಎಂಬ ವಾದ ಹೊಸದೇನಲ್ಲ. ಇದಕ್ಕೆ ಬ್ರೆಜಿಲ್‌ನ ರೊಮಾರಿಯೊ ಅವರನ್ನು ಸಾಕ್ಷಿಯಾಗಿ ಮುಂದಿಡುವವರಿದ್ದಾರೆ. ಅಭ್ಯಾಸವೆಂದರೆ ಮೂಗು ಮುರಿಯುತ್ತಿದ್ದ ಅವರು 1994ರ ವಿಶ್ವಕಪ್‌ನ ಶ್ರೇಷ್ಠ ಆಟಗಾರರೆನಿಸಿದರು. ಆದರೆ ಅಪವಾದವೊಂದು ನಿಯಮವಾಗಲಾರದು. ಉಳಿದ ಹತ್ತು ಮಂದಿ ಬೆವರು ಸುರಿಸಿದ್ದರಿಂದಲೇ ಅವರ ಕಾಲಿಗೆ ಚೆಂಡು ದೊರೆಯುತ್ತಿತ್ತು.

ಅಭ್ಯಾಸವೆಂದರೆ ಕೇವಲ ಮೈ ಹದಗೊಳಿಸುವುದಲ್ಲ. ಎದುರಾಳಿಯನ್ನು ಆಫ್‌ಸೈಡ್ ಬಲೆಗೆ ಕೆಡವಲು ನಾಲ್ವರು ರಕ್ಷಣಾ ಆಟಗಾರರು ಒಂದೇ ಕ್ಷಣದಲ್ಲಿ ಮುಂದೆ ಸರಿಯಬೇಕು. ಒಬ್ಬ ಅರ್ಧ ಹೆಜ್ಜೆ ತಡಮಾಡಿದರೂ ಗೋಲು ಬಿದ್ದಂತೆಯೇ. ಇಂಥ ಹೊಂದಾಣಿಕೆ ಒಟ್ಟಾಗಿ ಆಡದೆ ಬರುವುದಿಲ್ಲ. ಎರಡು-ಮೂರು ವಾರ ಕಸರತ್ತು ನಿಂತರೆ ದಮ್ಮು ಕುಗ್ಗತೊಡಗುತ್ತದೆ. ಹಠಾತ್ತನೆ ಓಟಕ್ಕಿಳಿದರೆ ತೊಡೆಯ ಸ್ನಾಯುಗಳಿಗೆ ಪೆಟ್ಟಾಗುವ ಸಂಭವ ಹೆಚ್ಚು. ಬೆಂಗಳೂರು ಎಫ್‌ಸಿಯ ಸುನಿಲ್ ಚೆಟ್ರಿ ತಮ್ಮ 40ನೇ ವಯಸ್ಸಿನಲ್ಲಿ ನಿವೃತ್ತಿಯಿಂದ ಮರಳಿ, 2025ರ ಮಾರ್ಚ್‌ನಲ್ಲಿ ಮಾಲ್ಡೀವ್ಸ್ ವಿರುದ್ಧ ದೇಶಕ್ಕಾಗಿ ಗೋಲು ಹೊಡೆದರು. ಇದು ಪ್ರತಿಭೆಯೊಂದರಿಂದಲೇ ಆದದ್ದಲ್ಲ. ವರ್ಷಗಟ್ಟಲೆ ಪಾಲಿಸಿದ ಶಿಸ್ತಿನ ಫಲ.

ಆದರೆ ಅದೇ ವರ್ಷ ಪ್ರಶ್ನೆ ತಲೆಕೆಳಗಾಯಿತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಹಾಗೂ ಲೀಗ್ ನಡೆಸುತ್ತಿದ್ದ ಸಂಸ್ಥೆಯ ನಡುವಣ ಒಪ್ಪಂದದ ಭವಿಷ್ಯ ಅನಿಶ್ಚಿತವಾಗಿ ಇಂಡಿಯನ್ ಸೂಪರ್ ಲೀಗ್ ನನೆಗುದಿಗೆ ಬಿತ್ತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಪ್ರಥಮ ತಂಡದ ಆಟಗಾರರು ಮತ್ತು ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟಾವಧಿಗೆ ತಡೆಹಿಡಿಯಿತು. ಫೆಬ್ರುವರಿ 14ರಿಂದ ಲೀಗ್ ಎಂಬ ಪ್ರಕಟಣೆ ಹೊರಬಿದ್ದುದು 2026ರ ಜನವರಿಯಲ್ಲಿ. ಪಂದ್ಯವೂ ಇಲ್ಲ, ಸಂಬಳವೂ ಇಲ್ಲದ ಆ ತಿಂಗಳುಗಳಲ್ಲಿ ಆಟಗಾರ ಯಾವುದಕ್ಕಾಗಿ ಅಭ್ಯಾಸ ಮಾಡಬೇಕಿತ್ತು? ಮಾಡದಿದ್ದರೆ ನಷ್ಟ ಅವನದೇ. ದೇಹ ಲೀಗಿನ ವೇಳಾಪಟ್ಟಿಗಾಗಿ ಕಾಯುವುದಿಲ್ಲ.

ಅಭ್ಯಾಸವೂ ದುಡಿಮೆಯೇ ಎಂಬುದನ್ನು ನಾವು ಮರೆಯುವುದು ಇಲ್ಲಿಯೇ. ತೊಂಬತ್ತು ನಿಮಿಷಗಳ ಪಂದ್ಯ ಕಣ್ಣಿಗೆ ಕಾಣುವ ಫಸಲು. ಉತ್ತು ಬಿತ್ತುವ ಕೆಲಸ ವಾರವಿಡೀ ನಡೆದಿರುತ್ತದೆ. ಎರಡು ತಿಂಗಳ ಸಂಬಳ ಬಾಕಿ ಉಳಿದರೆ, ಲಿಖಿತ ಸೂಚನೆ ನೀಡಿ ಕನಿಷ್ಠ 15 ದಿನಗಳ ಗಡುವು ಕೊಟ್ಟ ಬಳಿಕ ಒಪ್ಪಂದ ಕಡಿದುಕೊಳ್ಳುವ ಅವಕಾಶವನ್ನು ಫಿಫಾ ನಿಯಮಾವಳಿ ಆಟಗಾರನಿಗೆ ಕೊಟ್ಟಿದೆ. ಬೇರೆ ಕ್ಲಬ್‌ಗಳೂ ಬಾಗಿಲು ಮುಚ್ಚಿ ಕೂತಿರುವಾಗ ಆ ಹಕ್ಕಿನಿಂದ ಪ್ರಯೋಜನವಾದರೂ ಎಷ್ಟು?

ಇನ್ನು ಒಪ್ಪಂದವೇ ಇಲ್ಲದವರ ಪಾಡು ಬೇರೆ. ಬೆಂಗಳೂರಿನಲ್ಲಿ ಹಿಂದೆ ಎಚ್‌ಎಎಲ್, ಐಟಿಐಗಳಂತಹ ಕಾರ್ಖಾನೆಗಳು ಫುಟ್‌ಬಾಲ್ ಆಟಗಾರನಿಗೆ ನೌಕರಿ ಕೊಟ್ಟು ಆಡಿಸುತ್ತಿದ್ದವು. ಅಭ್ಯಾಸಕ್ಕೆ ಅನ್ನದ ಆಸರೆಯಿತ್ತು. ಇಂದು ಚಿಕ್ಕಬಾಣಾವರದ ಹುಡುಗನೊಬ್ಬ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣ ತಲುಪಲು ನಗರವನ್ನೇ ದಾಟಬೇಕು. ತನ್ನೂರಿನ ಬಯಲುಗಳಲ್ಲಿ ಬಡಾವಣೆಗಳು ಎದ್ದಿವೆ. ಇಷ್ಟಿದ್ದೂ 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಮಣಿಸಿ, 54 ವರ್ಷಗಳ ನಂತರ ಕರ್ನಾಟಕ ಸಂತೋಷ್ ಟ್ರೋಫಿ ಗೆದ್ದಿತು. ನಾವು ಆ ಗೆಲುವನ್ನು ಸಂಭ್ರಮಿಸಿದೆವು. ಅದರ ಹಿಂದಿನ ಬೆಳಗುಗಳ ಖರ್ಚನ್ನು ಯಾರು ಭರಿಸಿದರೆಂದು ಕೇಳಲಿಲ್ಲ.

ಅಭ್ಯಾಸಕ್ಕೆ ಬಾರದವನಿಗೆ ತಂಡದಲ್ಲಿ ಸ್ಥಾನವಿಲ್ಲ ಎಂಬ ನಿಯಮ ನ್ಯಾಯವಾದದ್ದೇ. ಆದರೆ ಅದು ಒಂದೇ ಕಡೆಯವರನ್ನು ಕಟ್ಟಿಹಾಕಬಾರದು. ಮೈದಾನ, ಸಂಬಳ, ನಿಶ್ಚಿತ ವೇಳಾಪಟ್ಟಿ, ಈ ಮೂರನ್ನೂ ಒದಗಿಸಿದವರಿಗೆ ಮಾತ್ರ ಆಟಗಾರನ ಹಾಜರಿ ಕೇಳುವ ನೈತಿಕ ಹಕ್ಕಿರುತ್ತದೆ.