ಮೂರು ಸಲ ತಪ್ಪಿದರೆ ಬಾಗಿಲು ಬಂದ್

1962ರಲ್ಲಿ ಅಮೆರಿಕದ ಎಂಐಟಿಯಲ್ಲಿ ಸಂಶೋಧನೆ ಮಾಡುತ್ತಿದ್ದ ಅಲನ್ ಶೆರ್ ಎಂಬ ವಿದ್ಯಾರ್ಥಿಗೆ ಕಂಪ್ಯೂಟರ್ ಬಳಸಲು ವಾರಕ್ಕೆ ಸಿಗುತ್ತಿದ್ದದ್ದು ನಾಲ್ಕೇ ಗಂಟೆ. ಅವರ ಕೆಲಸಕ್ಕೆ ಅದು ಯಾವ ಮೂಲೆಗೂ ಸಾಲದು. ಆ ಕಂಪ್ಯೂಟರಿನಲ್ಲಿದ್ದದ್ದು ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ಕಟ್ಟಿದ ಸಿಟಿಎಸ್‌ಎಸ್ ವ್ಯವಸ್ಥೆ. ಒಂದೇ ಯಂತ್ರವನ್ನು ಹಲವರು ಹಂಚಿಕೊಂಡು ಬಳಸುವ ಪ್ರಯೋಗ ಅದು. ಯಾವ ಕಡತ ಯಾರದು, ಯಾರು ಎಷ್ಟು ಹೊತ್ತು ಬಳಸಿದರು ಎಂದು ಬೇರ್ಪಡಿಸಲು ಒಬ್ಬೊಬ್ಬರಿಗೂ ಒಂದೊಂದು ಪಾಸ್‌ವರ್ಡ್ ಕೊಟ್ಟಿದ್ದರು. ಶೆರ್ ಯಾರ ಪಾಸ್‌ವರ್ಡನ್ನೂ ಊಹಿಸಲು ಹೋಗಲಿಲ್ಲ. ಪಾಸ್‌ವರ್ಡ್‌ಗಳಿದ್ದ ಕಡತವನ್ನೇ ಮುದ್ರಿಸಿ ಕೊಡುವಂತೆ ಪಂಚ್ ಕಾರ್ಡಿನಲ್ಲಿ ಕೋರಿಕೆ ಸಲ್ಲಿಸಿದರು. ಯಂತ್ರ ಮುದ್ರಿಸಿ ಕೊಟ್ಟಿತು!

ನಾಲ್ಕು ವರ್ಷಗಳ ನಂತರ ಅದೇ ವ್ಯವಸ್ಥೆಯಲ್ಲಿ ಇನ್ನೊಂದು ಅವಘಡ. ಇಬ್ಬರು ನಿರ್ವಾಹಕರು ಏಕಕಾಲಕ್ಕೆ ಎರಡು ಕಡತಗಳನ್ನು ತಿದ್ದುತ್ತಿದ್ದಾಗ ಅವು ಅದಲುಬದಲಾದವು. ಲಾಗಿನ್ ಆದವರಿಗೆಲ್ಲ ದಿನದ ಸೂಚನೆಯ ಜಾಗದಲ್ಲಿ ಎಲ್ಲರ ಪಾಸ್‌ವರ್ಡ್‌ಗಳೂ ಕಾಣಿಸಿದವು. ಗುಟ್ಟು ಹೀಗೆ ಇಡಿಯಾಗಿಯೇ ಹೊರಬೀಳುತ್ತಿದ್ದ ಕಾಲದಲ್ಲಿ ಒಂದೊಂದೇ ಪದ ಊಹಿಸುತ್ತಾ ಕೂರುವ ಕಷ್ಟ ಯಾರಿಗೂ ಬೇಕಿರಲಿಲ್ಲ. ತಪ್ಪಿದ ಪ್ರಯತ್ನಗಳನ್ನು ಎಣಿಸಬೇಕೆಂಬ ಚಿಂತೆ ಬಲವಾದದ್ದು ಟೆಲಿಫೋನ್ ತಂತಿಯ ಮೂಲಕ ದೂರದವರೂ ಕಂಪ್ಯೂಟರಿಗೆ ಬರತೊಡಗಿದ ಮೇಲೆ. ತಂತಿಯ ಆ ತುದಿಯಲ್ಲಿ ಕೂತವನ ಮುಖ ಕಾಣುವುದಿಲ್ಲ. ಅವನು ಎಷ್ಟು ಹೊತ್ತು ಬೇಕಾದರೂ ಪ್ರಯತ್ನಿಸುತ್ತಿರಬಲ್ಲ.

ಸಿಟಿಎಸ್‌ಎಸ್‌ನ ಉತ್ತರಾಧಿಕಾರಿಯಾದ ಮಲ್ಟಿಕ್ಸ್ ಈ ವಿಷಯದಲ್ಲಿ ಮಾಡಿದ ಒಂದು ಕೆಲಸ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ನೀವು ಸರಿಯಾದ ಪಾಸ್‌ವರ್ಡ್ ಕೊಟ್ಟು ಒಳಗೆ ಬಂದಾಗ, ಇಂಥ ದಿನ, ಇಂಥ ಸಮಯದಲ್ಲಿ, ಇಂಥ ಟರ್ಮಿನಲ್‌ನಿಂದ ನಿಮ್ಮ ಪಾಸ್‌ವರ್ಡನ್ನು ತಪ್ಪಾಗಿ ಕೊಡಲಾಗಿತ್ತು ಎಂದು ಅದು ತಿಳಿಸುತ್ತಿತ್ತು. ಆ ತಪ್ಪು ನಿಮ್ಮದೋ ಬೇರೆಯವರದೋ ಎಂದು ಯಂತ್ರಕ್ಕೆ ಗೊತ್ತಾಗದು, ನಿಮಗೆ ಗೊತ್ತಾಗುತ್ತದೆ. ಅದಕ್ಕೇ ಲೆಕ್ಕವನ್ನು ಖಾತೆಯ ಯಜಮಾನನ ಕೈಗೇ ಒಪ್ಪಿಸುತ್ತಿತ್ತು.

ಬ್ಯಾಂಕುಗಳ ದಾರಿ ಬೇರೆಯಾಯಿತು. 1967ರ ಜೂನ್ 27ರಂದು ಲಂಡನ್ನಿನ ಎನ್‌ಫೀಲ್ಡ್‌ನಲ್ಲಿ ಬಾರ್ಕ್ಲೇಸ್ ಬ್ಯಾಂಕ್ ನಗದು ಯಂತ್ರ ತೆರೆಯಿತು. ಅದನ್ನು ರೂಪಿಸಿದ ಜಾನ್ ಶೆಫರ್ಡ್ ಬ್ಯಾರನ್ ಹುಟ್ಟಿದ್ದು ನಮ್ಮ ಶಿಲ್ಲಾಂಗಿನಲ್ಲಿ. ಗುಟ್ಟಿನ ಪಿನ್ ಆಗಿ ಆರಂಕಿಯ ಸಂಖ್ಯೆ ಇಡಬೇಕೆಂದಿದ್ದರಂತೆ. ನಾಲ್ಕಂಕಿಗಿಂತ ಹೆಚ್ಚು ನೆನಪಿರುವುದಿಲ್ಲ ಎಂದು ಹೆಂಡತಿ ಹೇಳಿದ್ದರಿಂದ ನಾಲ್ಕಕ್ಕೆ ಇಳಿಸಿದೆ ಎಂದು ಅವರೇ ಹೇಳಿಕೊಂಡಿದ್ದಾರೆ. ನಾಲ್ಕಂಕಿ ಎಂದರೆ ಒಟ್ಟು 10,000 ಸಂಖ್ಯೆಗಳು. ತಡೆಯುವವರಿಲ್ಲದಿದ್ದರೆ ಒಂದಲ್ಲ ಒಂದು ಹೊತ್ತಿಗೆ ಸರಿಯಾದದ್ದು ಸಿಕ್ಕೇ ಸಿಗುತ್ತದೆ. ಗುಟ್ಟು ಇಷ್ಟು ಚಿಕ್ಕದಾದ ಮೇಲೆ ಅದನ್ನು ಕಾಯುವ ಭಾರವೆಲ್ಲ ಎಣಿಕೆಯ ಮೇಲೆ ಬಿತ್ತು. ಮೂರು ಸಲ ತಪ್ಪಿದರೆ ಕಾರ್ಡ್ ಬ್ಲಾಕ್ ಎಂಬ ರೂಢಿ ಹೀಗೆ ಬೇರೂರಿತು. ಮೊಬೈಲ್ ಸಿಮ್‌ಗೂ ಅದೇ ನಿಯಮ: ಪಿನ್ ಮೂರು ಸಲ ತಪ್ಪಿದರೆ ಬೀಗ ತೆಗೆಯುವ ಪಿಯುಕೆ ಸಂಖ್ಯೆ ಬೇಕು, ಅದೂ ಹತ್ತು ಸಲ ತಪ್ಪಿದರೆ ಸಿಮ್ ಮತ್ತೆ ಬಳಕೆಗೆ ಬಾರದು.

ಲೆಕ್ಕದ ಪ್ರಕಾರ ಮೂರು ಊಹೆಯಲ್ಲಿ ನಾಲ್ಕಂಕಿಯ ಪಿನ್ ಸಿಗುವ ಅವಕಾಶ ಶೇ 0.03. ಆದರೆ ಜನ ಹುಟ್ಟಿದ ದಿನವನ್ನೋ 1234ನ್ನೋ ಇಟ್ಟುಕೊಳ್ಳುತ್ತಾರೆ. ಕೇಂಬ್ರಿಜ್‌ನ ಸಂಶೋಧಕರು 2012ರಲ್ಲಿ ಅಂದಾಜಿಸಿದಂತೆ, ಹುಟ್ಟಿದ ದಿನಾಂಕವಿರುವ ಗುರುತಿನ ಚೀಟಿಯೂ ಜೊತೆಗಿರುವ ಪರ್ಸ್ ಕದ್ದವನಿಗೆ 11ರಿಂದ 18 ಪರ್ಸ್‌ಗಳಿಗೊಮ್ಮೆ ಪಿನ್ ಸಿಕ್ಕಿಬಿಡುತ್ತದೆ.

ಕಂಪ್ಯೂಟರಿನ ಪಾಸ್‌ವರ್ಡ್‌ಗಳ ಸ್ಥಿತಿಯೂ ಇದಕ್ಕಿಂತ ಚೆನ್ನಾಗಿರಲಿಲ್ಲ. ಬೆಲ್ ಲ್ಯಾಬ್ಸ್‌ನ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಮ್ಸನ್ 1979ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ 3,289 ಪಾಸ್‌ವರ್ಡ್‌ಗಳ ಪರಿಶೀಲನೆಯಿದೆ. ಶೇ 86ರಷ್ಟು ತೀರಾ ಚಿಕ್ಕವು, ಇಲ್ಲವೇ ನಿಘಂಟಿನಲ್ಲೋ ಹೆಸರುಗಳ ಪಟ್ಟಿಯಲ್ಲೋ ಸಿಗುವಂಥವು.

ಈ ಇತಿಹಾಸದಲ್ಲಿ ನಾನು ಹೆಚ್ಚು ಹೊತ್ತು ನಿಲ್ಲಬೇಕೆನ್ನುವುದು 1980ರ ದಶಕದ ನಡುವಿನಲ್ಲಿ, ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿಯ ವಿಎಂಎಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಬಳಿ. ಅದರ ಲಾಗಿನ್ ವ್ಯವಸ್ಥೆ ಮನುಷ್ಯರನ್ನು ಬಲ್ಲವರು ಬರೆದದ್ದು. ಒಂದು ಸಲ ತಪ್ಪಿದವನು ಅದರ ಕಣ್ಣಿಗೆ ಬರೀ ಶಂಕಿತ. ಒಂದು ಅವಧಿಯೊಳಗೆ ಮತ್ತೆ ಮತ್ತೆ ತಪ್ಪಿ ಮಿತಿ ದಾಟಿದರೆ ಅವನ ಹೆಸರು ನುಸುಳುಕೋರರ ಪಟ್ಟಿಗೆ ಏರುತ್ತದೆ. ಆಮೇಲೆ ಅವನು ಸರಿಯಾದ ಪಾಸ್‌ವರ್ಡ್ ಕೊಟ್ಟರೂ ವ್ಯವಸ್ಥೆ ತಪ್ಪು ಎಂದೇ ಹೇಳುತ್ತದೆ. ಬಾಗಿಲು ಮುಚ್ಚಿದೆ ಎಂದು ಸಾರುವುದಿಲ್ಲ. ಊಹಿಸುವವನಿಗೆ ತಾನು ಸರಿ ಉತ್ತರವನ್ನು ದಾಟಿ ಮುಂದೆ ಹೋದದ್ದೇ ತಿಳಿಯದು. ಈ ನಿರಾಕರಣೆ ಎಷ್ಟು ಹೊತ್ತು ಎಂಬುದನ್ನೂ ಪ್ರತಿ ಸಲ ಅಷ್ಟಿಷ್ಟು ಬದಲಿಸುತ್ತಿದ್ದರು, ಕಾದು ಕೂತವನಿಗೆ ಅಂದಾಜು ಸಿಗಬಾರದೆಂದು.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಹೆಸರಿನ ಜೊತೆಗೆ ಆ ಪ್ರಯತ್ನ ಎಲ್ಲಿಂದ ಬಂತು ಎಂಬುದನ್ನೂ ವಿಎಂಎಸ್ ಸೇರಿಸಿ ಎಣಿಸಬಲ್ಲದಾಗಿತ್ತು. ಯಾರೋ ಒಂದು ಟರ್ಮಿನಲ್‌ನಲ್ಲಿ ಕೂತು ನಿಮ್ಮ ಹೆಸರಿನಲ್ಲಿ ಹತ್ತು ಸಲ ತಪ್ಪಿದರೆ ಅಡ್ಡಿ ಆ ಟರ್ಮಿನಲ್‌ಗೆ. ನೀವು ನಿಮ್ಮ ಜಾಗದಿಂದ ಎಂದಿನಂತೆ ಕೆಲಸಕ್ಕೆ ಕೂರಬಹುದು. ಖಾತೆಯನ್ನೇ ಸಂಪೂರ್ಣ ನಿಲ್ಲಿಸುವ ಸೌಲಭ್ಯವೂ ಇತ್ತು, ಆದರೆ ನಿರ್ವಾಹಕರು ಬೇಕೆಂದರೆ ಮಾತ್ರ. ಅಲ್ಲದೆ ಕೊನೆಯ ಲಾಗಿನ್ ಆದ ಮೇಲೆ ಎಷ್ಟು ಪ್ರಯತ್ನಗಳು ವಿಫಲವಾದವು ಎಂದು, ಮಲ್ಟಿಕ್ಸ್‌ನಂತೆಯೇ, ಖಾತೆಯವನಿಗೆ ತಿಳಿಸುತ್ತಿತ್ತು.

ಎಣಿಕೆಯ ಹಿಂದಿನ ಗಣಿತವನ್ನು 1985ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಹಸಿರು ರಕ್ಷಾಪುಟದ ಒಂದು ಕೈಪಿಡಿಯಲ್ಲಿ ಬರೆದಿಟ್ಟಿತು. ಪಾಸ್‌ವರ್ಡ್ ಎಷ್ಟು ಕಾಲ ಬಳಕೆಯಲ್ಲಿರುತ್ತದೆ, ನಿಮಿಷಕ್ಕೆ ಎಷ್ಟು ಸಲ ಊಹಿಸಬಹುದು, ಒಟ್ಟು ಎಷ್ಟು ಪಾಸ್‌ವರ್ಡ್‌ಗಳು ಸಾಧ್ಯ ಎಂಬ ಮೂರರಿಂದ ಅಪಾಯದ ಪ್ರಮಾಣ ಹೊರಡುತ್ತದೆ. ಬಾಗಿಲನ್ನು ಪೂರ್ತಿ ಮುಚ್ಚಬೇಕೆಂದೇನೂ ಇಲ್ಲ, ಊಹೆಯ ವೇಗವನ್ನು ತಗ್ಗಿಸಿದರೂ ಅಪಾಯ ಅಷ್ಟೇ ತಗ್ಗುತ್ತದೆ ಎಂಬುದು ಆ ಸೂತ್ರದಲ್ಲೇ ಇದೆ.

ಬಾಗಿಲಲ್ಲಿ ಕೂತು ಎಣಿಸುವುದಕ್ಕೂ ಒಂದು ಮಿತಿಯಿದೆ ಎಂದು 1988ರ ನವೆಂಬರ್ 2ರಂದು ಗೊತ್ತಾಯಿತು. ಅಂದು ಇಂಟರ್ನೆಟ್‌ನಲ್ಲಿ ಹಬ್ಬಿದ ವರ್ಮ್ (ತಾನಾಗಿಯೇ ಹರಡುವ ತಂತ್ರಾಂಶ) ತನ್ನೊಳಗೆ 432 ಪದಗಳ ಪಟ್ಟಿ ಹೊತ್ತುಕೊಂಡಿತ್ತು. ಯುನಿಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ಯಂತ್ರಗಳಲ್ಲಿ ಗೂಢೀಕರಿಸಿದ ಪಾಸ್‌ವರ್ಡ್‌ಗಳ ಕಡತವನ್ನು ಯಾರು ಬೇಕಾದರೂ ಓದಬಹುದಿತ್ತು. ವರ್ಮ್ ಅದನ್ನು ಓದಿ, ಲಾಗಿನ್ ಬಾಗಿಲನ್ನು ಮುಟ್ಟದೆಯೇ ಊಹೆಗಳನ್ನು ತಾಳೆ ನೋಡಿತು. ಅದನ್ನು ಬರೆದ ರಾಬರ್ಟ್ ಟಪ್ಪನ್ ಮಾರಿಸ್, 1979ರ ಪ್ರಬಂಧದ ಮಾರಿಸ್ ಅವರ ಮಗ.

ಯುನಿಕ್ಸ್ ಬಳಗಕ್ಕೆ ಎಣಿಕೆ ಬಂದದ್ದು ಬಿಡಿಬಿಡಿಯಾಗಿ. 1995ರಲ್ಲಿ ಸನ್ ಕಂಪನಿಯ ವಿಪಿನ್ ಸಮರ್ ಮತ್ತು ಚಾರ್ಲಿ ಲೈ ಅವರು ಲಾಗಿನ್ ಪರಿಶೀಲನೆಗೆ ಪಾಮ್ ಎಂಬ ಚೌಕಟ್ಟನ್ನು ಮುಂದಿಟ್ಟ ಮೇಲೆ ತಪ್ಪು ಎಣಿಸುವ ಕೆಲಸವನ್ನು ಪ್ರತ್ಯೇಕ ಘಟಕವಾಗಿ ಜೋಡಿಸಲು ಸಾಧ್ಯವಾಯಿತು. ಲಿನಕ್ಸ್‌ನಲ್ಲಿ ಬಂದ ಪಾಮ್ ಟ್ಯಾಲಿ, ಪ್ರಯತ್ನ ಆರಂಭವಾದಾಗಲೇ ಲೆಕ್ಕ ಏರಿಸಿ, ಲಾಗಿನ್ ಮುಗಿದ ಮೇಲೆ ಸೊನ್ನೆಗೆ ಇಳಿಸುತ್ತಿತ್ತು. ಕೆಲವು ತಂತ್ರಾಂಶಗಳು ಆ ಕೊನೆಯ ಹಂತವನ್ನು ಕರೆಯುತ್ತಲೇ ಇರಲಿಲ್ಲ. ಸರಿಯಾಗಿ ಲಾಗಿನ್ ಆದವರ ಲೆಕ್ಕವೂ ಏರುತ್ತಾ ಹೋಗಿ ಅವರೇ ಹೊರಗುಳಿಯುವಂತಾಗುತ್ತಿತ್ತು. 2020ರಲ್ಲಿ ಟ್ಯಾಲಿಯನ್ನು ಕೈಬಿಟ್ಟು ಪಾಮ್ ಫೇಲ್‌ಲಾಕ್ ತಂದರು. ಬದಲಿಸದೆ ಬಿಟ್ಟರೆ ಅದು 15 ನಿಮಿಷದೊಳಗೆ ಮೂರು ಸಲ ತಪ್ಪಿದವರನ್ನು 10 ನಿಮಿಷ ತಡೆಯುತ್ತದೆ, ನಿರ್ವಾಹಕರ ಮೂಲಖಾತೆ ರೂಟ್‌ಗೆ ಮಾತ್ರ ಬೀಗ ಹಾಕುವುದಿಲ್ಲ. ಅದೂ ಹೊರಗುಳಿದರೆ ಒಳಗಿನಿಂದ ಚಿಲಕ ತೆಗೆಯುವವರೇ ಇರುವುದಿಲ್ಲವಲ್ಲ.

ಬೀಗವೇ ಆಯುಧವಾಗುವ ಅಪಾಯವನ್ನು 2002ರಲ್ಲಿ ಸಂಶೋಧಕರಾದ ಬೆನ್ನಿ ಪಿಂಕಾಸ್ ಮತ್ತು ಟೋಮಸ್ ಸ್ಯಾಂಡರ್ ಹರಾಜಿನ ಉದಾಹರಣೆ ಕೊಟ್ಟು ಬಿಡಿಸಿಟ್ಟರು. ಆನ್‌ಲೈನ್ ಹರಾಜು ಮುಗಿಯುವ ಗಳಿಗೆಯಲ್ಲಿ ಎದುರಾಳಿಯ ಹೆಸರಿನಲ್ಲಿ ನಾಲ್ಕಾರು ತಪ್ಪು ಪಾಸ್‌ವರ್ಡ್ ಒತ್ತಿದರೆ ಸಾಕು, ಅವನು ಬಿಡ್ ಕೂಗಲಾರ. ಪಾಸ್‌ವರ್ಡ್ ಗೊತ್ತಿಲ್ಲದಿರುವುದೇ ಇಲ್ಲಿ ಶಕ್ತಿ! 2008ರ ಕೊನೆಗೆ ಬಂದ ಕಾನ್‌ಫಿಕರ್ ವರ್ಮ್ ವಿಂಡೋಸ್ ಯಂತ್ರಗಳಲ್ಲಿ ಪಾಸ್‌ವರ್ಡ್ ಊಹಿಸುತ್ತಾ ಹೋದಂತೆ ಕಚೇರಿಗಳಲ್ಲಿ ಖಾತೆಗಳು ಸಾಲುಸಾಲಾಗಿ ಲಾಕ್ ಆದವು. ವೈರಸ್ ಇಲ್ಲದಿದ್ದರೂ ಇದು ನಡೆಯುತ್ತದೆ. ಬೆಂಗಳೂರಿನ ಯಾವ ಐಟಿ ಕಚೇರಿಯ ಹೆಲ್ಪ್‌ಡೆಸ್ಕ್‌ನವರನ್ನು ಬೇಕಾದರೂ ಕೇಳಿ: ಪಾಸ್‌ವರ್ಡ್ ಬದಲಿಸಿದ ಮರುದಿನ, ಫೋನಿನಲ್ಲಿ ಉಳಿದ ಹಳೆಯ ಪಾಸ್‌ವರ್ಡ್ ತಾನಾಗಿಯೇ ಮತ್ತೆ ಮತ್ತೆ ಪ್ರಯತ್ನಿಸಿ, ಉದ್ಯೋಗಿಯ ಖಾತೆಗೆ ಬೀಗ ಬೀಳುತ್ತದೆ.

ಹಾಗೆಂದು ಎಣಿಸದೆ ಬಿಡಲಾಗದು. 2009ರ ಜನವರಿಯಲ್ಲಿ 18 ವರ್ಷದ ಹುಡುಗನೊಬ್ಬ ಟ್ವಿಟರ್ ಸಿಬ್ಬಂದಿಯೊಬ್ಬರ ಖಾತೆಯ ಮೇಲೆ ನಿಘಂಟಿನ ಪದಗಳನ್ನು ರಾತ್ರಿಯಿಡೀ ಪ್ರಯೋಗಿಸಿದ. ಟ್ವಿಟರ್ ಆಗ ಅದಕ್ಕೆ ಮಿತಿ ಇಟ್ಟಿರಲಿಲ್ಲ. ಸಂತೋಷ ಎಂಬರ್ಥದ ಇಂಗ್ಲಿಷ್ ಪದವೊಂದು ತಾಳೆಯಾಯಿತು. ಅದರ ಮೂಲಕ ಬರಾಕ್ ಒಬಾಮ ಅವರ ಖಾತೆಯೂ ಕೈತಪ್ಪಿತು.

ಹಾಗಾದರೆ ಎಷ್ಟು ಸಲಕ್ಕೆ ನಿಲ್ಲಿಸಬೇಕು? ಮೂರು ಎಂಬುದು ಬರೀ ರೂಢಿ. ಲಂಡನ್ನಿನ ಸಂಶೋಧಕರಾದ ಸಾಶಾ ಬ್ರಾಸ್ಟಾಫ್ ಮತ್ತು ಏಂಜೆಲಾ ಸಾಸ್ 2003ರಲ್ಲಿ ವಿದ್ಯಾರ್ಥಿಗಳ ಲಾಗಿನ್ ದಾಖಲೆ ನೋಡಿ ಹತ್ತು ಅವಕಾಶ ಕೊಡುವುದೇ ಮೇಲು ಎಂದರು. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2017ರಲ್ಲಿ ಹೊರಮಿತಿಯನ್ನು 100ಕ್ಕೆ ಇಟ್ಟಿತು. ಐಫೋನ್ ಪೂರ್ತಿ ಮುಚ್ಚುವ ಮೊದಲು ಕಾಯಿಸುತ್ತದೆ: ಒಂದು ನಿಮಿಷ, ಐದು ನಿಮಿಷ, ಹದಿನೈದು ನಿಮಿಷ, ಒಂದು ಗಂಟೆ. ತಪ್ಪಿದವರಲ್ಲಿ ಬಹುಪಾಲು ಜನ ಅವಸರದಲ್ಲಿರುವ ಪ್ರಾಮಾಣಿಕರು. ಅವರಿಗೆ ಒಂದು ನಿಮಿಷ ಹೊರೆಯಲ್ಲ, ಸಾವಿರ ಸಲ ಊಹಿಸಬೇಕಾದವನಿಗೆ ಅದು ಗೋಡೆ. ದಾಳಿಕೋರರೂ ಪಾಠ ಕಲಿತಿದ್ದಾರೆ. ಒಂದೇ ಖಾತೆಗೆ ನೂರು ಪಾಸ್‌ವರ್ಡ್ ಬಡಿಯುವ ಬದಲು ಒಂದೇ ಪಾಸ್‌ವರ್ಡನ್ನು ಸಾವಿರ ಖಾತೆಗಳ ಮೇಲೆ ಒಂದೊಂದೇ ಸಲ ಪ್ರಯೋಗಿಸುತ್ತಾರೆ. ಖಾತೆಗೊಂದರಂತೆ ಎಣಿಸುವ ಲೆಕ್ಕಕ್ಕೆ ಇದು ಕಾಣುವುದೇ ಇಲ್ಲ.

ಇಂಥ ಕಡೆ ಮಲ್ಟಿಕ್ಸ್‌ನ ಕ್ರಮಕ್ಕೆ ಇವತ್ತಿಗೂ ಕೆಲಸವಿದೆ. ಬೀಗ ಬೀಳದಂಥ ಒಂದೇ ಒಂದು ತಪ್ಪನ್ನೂ ಖಾತೆಯವರು ಗುರುತಿಸಬಲ್ಲರು, ಅವರಿಗೆ ಹೇಳಿದರೆ. ನಮ್ಮ ಹಲವು ಬ್ಯಾಂಕುಗಳ ನೆಟ್‌ಬ್ಯಾಂಕಿಂಗ್ ಪುಟದಲ್ಲಿ ಕೊನೆಯ ಲಾಗಿನ್ ಯಾವಾಗ ಆಯಿತೆಂಬ ಸಾಲು ಇರುತ್ತದೆ, ಕೆಲವೆಡೆ ವಿಫಲ ಪ್ರಯತ್ನದ ಸಮಯವೂ. ಸಣ್ಣ ಅಕ್ಷರದಲ್ಲಿ, ಮೂಲೆಯಲ್ಲಿ. ಬ್ಯಾಂಕುಗಳು ಅದನ್ನು ಕಣ್ಣಿಗೆ ಬೀಳುವಂತೆ, ಕನ್ನಡದಲ್ಲೂ ಬರೆಯಲಿ. ಅಲ್ಲಿ ನಿಮ್ಮದಲ್ಲದ ಸಮಯ ಕಂಡರೆ ತಡಮಾಡದೆ ಪಾಸ್‌ವರ್ಡ್ ಬದಲಿಸಿ ಬ್ಯಾಂಕಿಗೆ ತಿಳಿಸಿ. ಹಣವೂ ಹೋಗಿದ್ದರೆ ಕರೆ ಮಾಡಬೇಕಾದ ಸೈಬರ್ ಸಹಾಯವಾಣಿ 1930.