ನೆರೆಯ ಸೀಮೆಯ ತೆರಿಗೆ, ನಮ್ಮ ಮನೆಯ ಖರ್ಚು

ಯಾವ ದೇಶದಲ್ಲಿ ಆದಾಯ ತೆರಿಗೆ ಹಗುರ, ಯಾವ ದೇಶದಲ್ಲಿ ಜೀವನದ ವೆಚ್ಚ ಕಡಮೆ ಎಂಬ ಪ್ರಶ್ನೆ ವಿದ್ಯಾವಂತರ ಮಾತುಕತೆಯಲ್ಲಿ ಆಗಾಗ ಬರುವುದುಂಟು. ಕೇಳುವವರು ಸಾಮಾನ್ಯವಾಗಿ ಎರಡು ದೇಶಗಳ ದರಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು, ಅಂಕೆ ಕಡಮೆ ಇರುವ ಕಡೆಯ ಜನರೇ ಸುಖಿಗಳೆಂದು ತೀರ್ಮಾನಿಸಿಬಿಡುತ್ತಾರೆ. ಈ ತೀರ್ಮಾನ ಎಷ್ಟು ಅರೆಕೊರೆಯದೆಂದು ತಿಳಿಯುವುದಕ್ಕೆ ಬಹುದೂರ ಹೋಗಬೇಕಾಗಿಲ್ಲ. 1947ಕ್ಕೆ ಹಿಂದಿನ ಮೈಸೂರು ಸಂಸ್ಥಾನವನ್ನೂ ಅದನ್ನು ಸುತ್ತುವರಿದಿದ್ದ ಬ್ರಿಟಿಷ್ ಇಂಡಿಯವನ್ನೂ ಎದುರುಬದುರಾಗಿ ಇಟ್ಟು ನೋಡಿದರೆ ಸಾಕು.

ಇವೆರಡನ್ನೂ ಬೇರೆ ಬೇರೆ ದೇಶಗಳೆನ್ನುವುದು ಈಗಿನವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಶ್ರೀರಂಗಪಟ್ಟಣದ ಸಂಗತಿಯನ್ನು ನೆನೆಯೋಣ. 1799ರಲ್ಲಿ ಟಿಪ್ಪುಸುಲ್ತಾನನು ಮಡಿದ ಮೇಲೆ ಆದ ಏರ್ಪಾಡಿನಲ್ಲಿ ಮೈಸೂರು ರಾಜ್ಯ ಒಡೆಯರ ವಂಶಕ್ಕೆ ಮರಳಿತು; ಶ್ರೀರಂಗಪಟ್ಟಣದ ದ್ವೀಪ ಮಾತ್ರ ಕಂಪೆನಿಯ ಸ್ವತ್ತಾಗಿ ಉಳಿಯಿತು. ಆ ದ್ವೀಪಕ್ಕಾಗಿ ಮೈಸೂರು ವರ್ಷಕ್ಕೆ 50,000 ರೂಪಾಯಿ ಗುತ್ತಿಗೆ ತೆರುತ್ತಿತ್ತು. 1881ರಲ್ಲಿ ರಾಜ್ಯ ಮತ್ತೆ ಒಡೆಯರ ಕೈಗೆ ಬಂದಾಗ ದ್ವೀಪ ನಮಗೆ ಬಂತು. ಅದಕ್ಕೆ ಪ್ರತಿಯಾಗಿ ಬೆಂಗಳೂರಿನ ದಂಡು ಪ್ರದೇಶ ಬ್ರಿಟಿಷರ ಆಡಳಿತಕ್ಕೆ ಹೋಯಿತು. ಎಂದರೆ, ಕೃಷ್ಣರಾಜಪೇಟೆ ತಾಲ್ಲೂಕಿನ ಶೀಳನೆರೆಯಿಂದ ಬುತ್ತಿ ಕಟ್ಟಿಕೊಂಡು ರಂಗನಾಥಸ್ವಾಮಿಯ ದರ್ಶನಕ್ಕೆ ಹೊರಟ ಒಕ್ಕಲಿಗನು ಎಂಬತ್ತೆರಡು ವರ್ಷ ಕಾಲ, ತನಗೆ ಅರಿವಿಲ್ಲದೆಯೇ, ಕಾವೇರಿಯ ಸೇತುವೆಯ ಮೇಲೆ ಪರರಾಜ್ಯವನ್ನು ಹೊಗುತ್ತಿದ್ದನು. ಬೆಂಗಳೂರಿನ ಪೇಟೆಯಿಂದ ದಂಡಿಗೆ ಹೋಗುವವರ ಪಾಡು 1947ರ ಜುಲೈವರೆಗೂ ಇದೇ: ಅತ್ತ ಬೇರೆ ಪೊಲೀಸು, ಬೇರೆ ನ್ಯಾಯಸ್ಥಾನ, ಬೇರೆ ಪುರಸಭೆ.

ಈಗ ಆದಾಯ ತೆರಿಗೆಯ ವಿಚಾರ. ಬ್ರಿಟಿಷ್ ಇಂಡಿಯಕ್ಕೆ ಇದನ್ನು 1860ರಲ್ಲಿ ತಂದವನು ಜೇಮ್ಸ್ ವಿಲ್ಸನ್. 1857ರ ದಂಗೆಯ ವೆಚ್ಚದಿಂದ ಬರಿದಾದ ಬೊಕ್ಕಸವನ್ನು ತುಂಬುವುದು ಅವನ ಉದ್ದೇಶ. ನಡುವೆ ಕೆಲವು ಸಲ ನಿಂತು, 1886ರ ಕಾನೂನಿನಿಂದ ಅದು ನೆಲೆಯೂರಿತು. ಆಗ 500 ರೂಪಾಯಿಯ ಆದಾಯಕ್ಕೇ ತೆರಿಗೆ ತಗಲುತ್ತಿತ್ತು. ಈ ಮಿತಿ 1903ರಲ್ಲಿ 1,000ಕ್ಕೂ 1919ರಲ್ಲಿ 2,000ಕ್ಕೂ ಏರಿತು. 1922ರಲ್ಲಿ ಅಲ್ಲಿ ಹೊಸ ಶಾಸನವಾಯಿತು. ಮರುವರ್ಷವೇ, 1923ರಲ್ಲಿ, ಮೈಸೂರು ತನ್ನದೇ ಆದ ಆದಾಯ ತೆರಿಗೆಯ ಶಾಸನವನ್ನು ಬಹುಮಟ್ಟಿಗೆ ಅದೇ ಮಾದರಿಯಲ್ಲಿ ಮಾಡಿಕೊಂಡಿತು.

ಆ ಕಾಲದ ಭಾರದ ಪ್ರಮಾಣ ತಿಳಿಯಲು ಒಂದು ಲೆಕ್ಕ ಮಾಡಬಹುದು. 1922ರಲ್ಲಿ ಮದರಾಸಿನಲ್ಲಿ ತಿಂಗಳಿಗೆ 200 ರೂಪಾಯಿ ಸಂಬಳದ ಗೃಹಸ್ಥನೊಬ್ಬನಿದ್ದನೆನ್ನಿ. ವರ್ಷದ ವರಮಾನ 2,400. ಎರಡು ಸಾವಿರದಿಂದ ಐದು ಸಾವಿರದೊಳಗಿನವರಿಗೆ ರೂಪಾಯಿಗೆ 5 ಪೈ ದರ. ರೂಪಾಯಿಗೆ 192 ಪೈಯಾದ್ದರಿಂದ ಅವನು ಕೊಡಬೇಕಾದದ್ದು 62 ರೂಪಾಯಿ 8 ಆಣೆ, ನೂರಕ್ಕೆ ಎರಡೂವರೆಗಿಂತ ಸ್ವಲ್ಪ ಹೆಚ್ಚು. ಅವನು ಗೊಣಗಿಕೊಳ್ಳದೆ ಇರುತ್ತಿರಲಿಲ್ಲ. ಆದರೆ ತಿಂಗಳಿಗೆ ಇನ್ನೂರು ರೂಪಾಯಿ ಕಾಣುತ್ತಿದ್ದವರು ಊರಿಗೆ ಎಷ್ಟು ಮಂದಿ? ಆದಾಯ ತೆರಿಗೆಯೆಂಬುದು ಎರಡು ಕಡೆಯೂ ವಕೀಲರು, ಅಧಿಕಾರಿಗಳು, ಸಾಹುಕಾರರು, ಗಿರಣಿಯ ಒಡೆಯರು ಇವರ ಚಿಂತೆಯಾಗಿತ್ತೇ ಹೊರತು ಜನಸಾಮಾನ್ಯರದಾಗಿರಲಿಲ್ಲ.

ಬೇಸಾಯದ ಆದಾಯಕ್ಕೆ 1886ರಿಂದಲೇ ವಿನಾಯಿತಿಯಿತ್ತು. ಇಲ್ಲಿಯೂ ಗಡಿಯ ಮಹಿಮೆ ನೋಡಿ. ಬ್ರಿಟಿಷ್ ಇಂಡಿಯದ ಕಾನೂನಿನ ಪ್ರಕಾರ ವಿನಾಯಿತಿ ದೊರೆಯುತ್ತಿದ್ದದ್ದು ಅಲ್ಲಿಯೇ ಕಂದಾಯ ತೆರುವ ಭೂಮಿಗೆ. ಮಂಗಳೂರಿನವರೊಬ್ಬರಿಗೆ ಮೈಸೂರು ಸಂಸ್ಥಾನದಲ್ಲಿ ಕಾಫಿತೋಟಗಳಿದ್ದವು. ಬೆಳೆ ಘಟ್ಟ ಇಳಿದು ಮಂಗಳೂರಿಗೆ ಬಂದು ಅಲ್ಲಿ ಮಾರಾಟವಾಗುತ್ತಿತ್ತು. ಆ ಹಣ ತೆರಿಗೆಗೆ ಒಳಪಡುವುದೇ ಎಂಬ ವ್ಯಾಜ್ಯ ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೆ ಹೋಗಿ, ಒಳಪಡುವುದೆಂದು ಅಲ್ಲಿ ತೀರ್ಪಾಯಿತು. ಘಟ್ಟದ ಮೇಲೆ ಬೇಸಾಯವಾಗಿದ್ದದ್ದು ಘಟ್ಟದ ಕೆಳಗೆ ವ್ಯಾಪಾರವಾಯಿತು! ಇದಕ್ಕೆ ವಿರುದ್ಧವಾದ ವಿಚಿತ್ರವೂ ಒಂದಿತ್ತು. ಬ್ರಿಟಿಷ್ ಇಂಡಿಯದ ನಿವಾಸಿ ಸಂಸ್ಥಾನದಲ್ಲಿ ಗಳಿಸಿದ ಹಣವನ್ನು ಸಂಸ್ಥಾನದಲ್ಲಿಯೇ ಬಿಟ್ಟರೆ ಅಲ್ಲಿನ ತೆರಿಗೆಯಿಂದ ಬಿಡುಗಡೆ, ಗಡಿ ದಾಟಿಸಿದರೆ ತೆರಿಗೆ. ಹಣವಂತರು ಯಾವುದನ್ನು ಆರಿಸಿಕೊಳ್ಳುತ್ತಿದ್ದರೆಂದು ಹೇಳಬೇಕಾದದ್ದಿಲ್ಲ.

ಇಷ್ಟರಿಂದ ಶೀಳನೆರೆಯ ಒಕ್ಕಲಿಗನಿಗೆ ನೆರೆಯ ಸೀಮೆಯ ತೆರಿಗೆಯ ಸೋಂಕೇ ಇರಲಿಲ್ಲವೆಂದು ತೋರಬಹುದು. ತನ್ನ ಸರ್ಕಾರಕ್ಕೆ ಅವನು ಕಂದಾಯ ಕಟ್ಟುತ್ತಿದ್ದ. ಆದಾಯ ತೆರಿಗೆಯ ಹೆಸರನ್ನೇ ಕೇಳಿರಲಿಲ್ಲ. ಆದರೂ ಅವನು ಬ್ರಿಟಿಷ್ ಇಂಡಿಯಕ್ಕೆ ದಿನವೂ ತೆರಿಗೆ ಕೊಡುತ್ತಿದ್ದನು, ಊಟಕ್ಕೆ ಕುಳಿತಾಗಲೆಲ್ಲ ಕೊಡುತ್ತಿದ್ದನು.

ಮೈಸೂರಿಗೆ ಕಡಲಿಲ್ಲ. ಚೌಳು ಮಣ್ಣಿನಿಂದ ಉಪ್ಪು ತೆಗೆಯುವ ಕಸುಬು ನಮ್ಮಲ್ಲಿ ಹಿಂದಿನಿಂದ ಇತ್ತು; ಉಪ್ಪಾರರ ಹೆಸರೇ ಅದಕ್ಕೆ ಸಾಕ್ಷಿ. ಆದರೆ 1881ರ ಹಸ್ತಾಂತರ ಪತ್ರದಲ್ಲಿ, ವೈಸರಾಯರ ಸರ್ಕಾರ ಬಯಸಿದರೆ ಉಪ್ಪಿನ ತಯಾರಿಕೆಯನ್ನು ನಿಲ್ಲಿಸಬೇಕು ಅಥವಾ ಮಿತಿಗೊಳಿಸಬೇಕು ಎಂಬ ಕಟ್ಟಳೆಯಿತ್ತು. ಸಮುದ್ರದ ಉಪ್ಪು ಸುಂಕ ಹೊತ್ತುಕೊಂಡೇ ಒಳಗೆ ಬರುತ್ತಿತ್ತು. 1916ರಲ್ಲಿ ಈ ಸುಂಕ ಮಣಕ್ಕೆ 1 ರೂಪಾಯಿ 4 ಆಣೆ. ಇದು ನಮ್ಮ ಸೀಮೆಯ ಸಣ್ಣ ಮಣವಲ್ಲ, 82 ಪೌಂಡಿಗೆ ತುಸು ಮೇಲ್ಪಟ್ಟ ಸರ್ಕಾರಿ ಮಣ. ಮನೆಮಂದಿ, ದನಕರು, ಉಪ್ಪಿನಕಾಯಿ ಎಲ್ಲಕ್ಕೂ ಸೇರಿ ಒಂದು ಸಂಸಾರಕ್ಕೆ ವರ್ಷಕ್ಕೆ ಒಂದು ಮಣ ಬೇಕೆಂದೂ, ಆ ಸಂಸಾರದ ಹುಟ್ಟುವಳಿ 150 ರೂಪಾಯಿಯೆಂದೂ ಇಟ್ಟುಕೊಳ್ಳಿ. ಆಗ ಉಪ್ಪಿನ ಸುಂಕವೊಂದೇ ರೂಪಾಯಿಗೆ ಒಂದೂವರೆ ಪೈಗಿಂತ ಹೆಚ್ಚಾಗುತ್ತದೆ. ಮದರಾಸಿನ ಇನ್ನೂರು ರೂಪಾಯಿ ಸಂಬಳದವನ ಆದಾಯ ತೆರಿಗೆ 5 ಪೈ. ಒಕ್ಕಲಿಗನ ವರಮಾನ ಅವನದರಲ್ಲಿ ಹದಿನಾರರ ಒಂದು ಪಾಲು. ತೆರಿಗೆಯ ದರ ಮಾತ್ರ ಮೂರರ ಒಂದು ಪಾಲು, ಅದೂ ಉಪ್ಪೊಂದರಲ್ಲಿಯೇ.

1923ರಲ್ಲಿ ಈ ಸುಂಕವನ್ನು ಇಮ್ಮಡಿ ಮಾಡಿದರು. ದೆಹಲಿಯ ಶಾಸನಸಭೆ ಒಪ್ಪಲಿಲ್ಲ. ವೈಸರಾಯ್ ಲಾರ್ಡ್ ರೆಡಿಂಗ್ ತಮ್ಮ ವಿಶೇಷಾಧಿಕಾರದಿಂದ ಅದನ್ನು ಜಾರಿಗೆ ತಂದರು. ಮರುವರ್ಷ ಅದು ಹಿಂದಿನ ದರಕ್ಕೇ ಇಳಿಯಿತು. ಬ್ರಿಟಿಷ್ ಇಂಡಿಯದವರಿಗೆ ಬೇಡವೆನ್ನುವುದಕ್ಕಾದರೂ ಒಂದು ಸಭೆಯಿತ್ತು. ಮೈಸೂರಿನ ಪ್ರಜಾಪ್ರತಿನಿಧಿ ಸಭೆ 1881ರಿಂದ ನಡೆಯುತ್ತಿದ್ದರೂ ಈ ಸುಂಕ ಅದರ ಕೈಗೆ ಎಟುಕುವಂಥದಲ್ಲ. ನನ್ನ ಅಭಿಪ್ರಾಯದಲ್ಲಿ ಇಡೀ ಹೋಲಿಕೆಯಲ್ಲಿ ಅತ್ಯಂತ ಮುಖ್ಯವಾದ ಅಂಶವಿದು. ತೆರಿಗೆ ಎಷ್ಟು ಎಂಬುದರ ಜೊತೆಗೆ ಯಾರ ಮಾತಿನಿಂದ ಎಂಬುದನ್ನೂ ಕೇಳದೆ ಭಾರವನ್ನು ಅಳೆಯುವುದು ಸಾಧ್ಯವಿಲ್ಲ.

ಉಪ್ಪಿನಂತೆಯೇ ಸೀಮೆಎಣ್ಣೆ, ಬಟ್ಟೆ, ಯಂತ್ರ ಮೊದಲಾದವು. ಇವುಗಳ ಸುಂಕ ಮದರಾಸು, ಬೊಂಬಾಯಿ ಬಂದರುಗಳಲ್ಲಿ ಇಂಡಿಯ ಸರ್ಕಾರಕ್ಕೆ ಸಲ್ಲುತ್ತಿತ್ತು. ಕಡಲತೀರದ ಕೊಚ್ಚಿ, ತಿರುವಾಂಕೂರುಗಳಿಗೆ ಕೊಚ್ಚಿ ಬಂದರಿನ ಸುಂಕದಲ್ಲಿ ಪಾಲು ಸಿಕ್ಕಿತು. ನಮಗೆ ಬಂದರೇ ಇಲ್ಲ. ಭಟ್ಕಳಕ್ಕೆ ರೈಲು ಹಾಕಿ ಅಲ್ಲೊಂದು ಬಂದರನ್ನು ಪಡೆಯಬೇಕೆಂದು ಸರ್ ಎಂ. ವಿಶ್ವೇಶ್ವರಯ್ಯನವರು ಹಂಬಲಿಸಿದ್ದು ಈ ಹಿನ್ನೆಲೆಯಲ್ಲಿಯೇ. ಇದರ ಮೇಲೆ ಪೊಗದಿ ಬೇರೆ: ಮೊದಲು ವರ್ಷಕ್ಕೆ 24½ ಲಕ್ಷ, 1896ರಿಂದ 35 ಲಕ್ಷ, 1928ರಲ್ಲಿ ಮತ್ತೆ 24½ ಲಕ್ಷ.

ಹಾಗೆಂದು ಸುಂಕದ ಗೋಡೆಯಿಂದ ನಮಗೆ ಬರಿಯ ನಷ್ಟವೇ ಆಯಿತೆನ್ನುವುದು ನ್ಯಾಯವಲ್ಲ. 1930ರ ರಕ್ಷಣಾ ಸುಂಕದಿಂದ ಬಟ್ಟೆ ಕೊಳ್ಳುವವನು ಹೆಚ್ಚು ಬೆಲೆ ಕೊಟ್ಟದ್ದು ನಿಜ. ಆದರೆ 1932ರಲ್ಲಿ ಸಕ್ಕರೆಗೂ ಅಂಥದೇ ರಕ್ಷಣೆ ದೊರೆಯಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪೆನಿ ಹುಟ್ಟಿತು. ಜಾವಾ ಸಕ್ಕರೆಯನ್ನು ತಡೆದ ಗೋಡೆಯ ನೆರಳಿನಲ್ಲಿಯೇ ಮಂಡ್ಯದ ಕಬ್ಬು ಬೆಳೆಯಿತು. ಒಬ್ಬನೇ ರೈತ ಪಂಚೆ ಕೊಳ್ಳುವಾಗ ಸೋತು ಕಬ್ಬು ಮಾರುವಾಗ ಗೆದ್ದನು.

ತೆರಿಗೆಗೆ ಪ್ರತಿಯಾಗಿ ದೊರೆತದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕಷ್ಟೆ. ಮೈಸೂರು ಸರ್ಕಾರಕ್ಕೆ ಕೋಲಾರದ ಚಿನ್ನದ ರಾಜಧನ, ಶ್ರೀಗಂಧ, 1902ರಿಂದ ಶಿವನಸಮುದ್ರದ ವಿದ್ಯುಚ್ಛಕ್ತಿ ಇವುಗಳಿಂದ ತೆರಿಗೆಯಲ್ಲದ ವರಮಾನ ಬರುತ್ತಿತ್ತು. ಮದರಾಸಿನ ಪ್ರಾಂತ ಸರ್ಕಾರಕ್ಕೆ ಈ ಅನುಕೂಲ ಇಷ್ಟರಮಟ್ಟಿಗೆ ಇರಲಿಲ್ಲ. ಆದರೆ ಸಂಸ್ಥಾನದೊಳಗೂ ಫಲ ಸಮನಾಗಿ ಹಂಚಿಹೋಗಲಿಲ್ಲ. ಕನ್ನಂಬಾಡಿಯ ನಾಲೆ ಹರಿದದ್ದು ಪಾಂಡವಪುರ, ಮಂಡ್ಯ, ಮದ್ದೂರು, ಮಳವಳ್ಳಿಗಳ ಕಡೆಗೆ. ಕೃಷ್ಣರಾಜಪೇಟೆಯ ರೈತನಿಗೆ ಹೇಮಾವತಿಯ ಹಳೆಯ ಅಣೆಕಟ್ಟುಗಳ ನೀರು ಮತ್ತು ಕೆರೆಗಳೇ ಗತಿಯಾದವು.

ಆದಾಯ ತೆರಿಗೆಯೇ ಇಲ್ಲದಿದ್ದರೆ ಜನ ಇನ್ನೂ ಸುಖವಾಗಿರುತ್ತಿದ್ದರೇ? ಇದಕ್ಕೆ ಉತ್ತರ ತುಂಗಭದ್ರೆಯ ದಡದಲ್ಲಿತ್ತು. ನಿಜಾಮನ ರಾಯಚೂರಿನಲ್ಲಿ 1940ರ ದಶಕದ ಉತ್ತರಾರ್ಧದವರೆಗೆ ಆದಾಯ ತೆರಿಗೆಯಿರಲಿಲ್ಲ. ಹೊಳೆಯಾಚೆ ಮದರಾಸು ಪ್ರಾಂತಕ್ಕೆ ಸೇರಿದ ಬಳ್ಳಾರಿಯಲ್ಲಿತ್ತು. ಆದರೆ ಹೈದರಾಬಾದಿನ ಗಡಿಯಲ್ಲಿ ಸರಕಿನ ಬೆಲೆಗೆ ನೂರಕ್ಕೆ ಐದರಂತೆ ಸುಂಕ ಬೀಳುತ್ತಿತ್ತು. ರಾಯಚೂರಿನ ಸಾಹುಕಾರನಿಗೆ ಹಗುರ, ಅವನ ಆಳಿಗೆ ಭಾರ. ಅಲ್ಲದೆ ಅಲ್ಲಿ ಹಾಲಿ ಸಿಕ್ಕಾ ಎಂಬ ಬೇರೆ ರೂಪಾಯಿ. ಇಂಗ್ಲಿಷ್ ನೂರು ರೂಪಾಯಿಗೆ ಸುಮಾರು ನೂರಹದಿನಾರು. ಮೈಸೂರಿನಲ್ಲಿ ಇಂಗ್ಲಿಷ್ ರೂಪಾಯಿಯೇ ನಡೆಯುತ್ತಿದ್ದುದರಿಂದ ಮದರಾಸಿನೊಡನೆ ಬೆಲೆಗಳನ್ನು ಹೋಲಿಸುವುದು ಸುಲಭವಾಗಿತ್ತು.

ಸುಲಭವೆಂದರೂ ತೊಡಕಿಲ್ಲದೆ ಇಲ್ಲ. ಜೀವನದ ವೆಚ್ಚವನ್ನು ಅಳೆಯಲು ಒಂದು ಮನೆಯ ಸಾಮಾನಿನ ಪಟ್ಟಿ ಬೇಕು. ಯಾರ ಮನೆ? ರಾಗಿಯುಣ್ಣುವ ಮಂಡ್ಯದವನ ಪಟ್ಟಿಯನ್ನು ತಂಜಾವೂರಿನ ಪೇಟೆಯಲ್ಲಿ ಹಿಡಿದರೆ ಅಲ್ಲಿ ಬದುಕು ದುಬಾರಿ. ಅಕ್ಕಿಯುಣ್ಣುವ ತಂಜಾವೂರಿನವನ ಪಟ್ಟಿಯನ್ನು ಮಂಡ್ಯದಲ್ಲಿ ಹಿಡಿದರೆ ಇಲ್ಲಿ ದುಬಾರಿ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. 1942ರಲ್ಲಿ ಬರ್ಮಾ ಅಕ್ಕಿ ನಿಂತು ಧಾನ್ಯದ ಸಾಗಾಟಕ್ಕೆ ಕಟ್ಟುಗಳು ಬಂದ ಮೇಲಂತೂ, ಬೆಲೆ ಎಷ್ಟು ಎಂಬುದಕ್ಕಿಂತ ಸಾಮಾನು ಸಿಕ್ಕುತ್ತದೆಯೇ ಎಂಬುದು ದೊಡ್ಡ ಪ್ರಶ್ನೆಯಾಯಿತು.

ಪರದೇಶಗಳಲ್ಲಿ ನೆಲಸಿರುವ ನಮ್ಮವರ ಲೆಕ್ಕದಲ್ಲಿಯೂ ಇದೇ ತೊಡಕು. ಅಮೆರಿಕದ ಡೆಟ್ರಾಯಿಟ್ ಸುತ್ತಿನಲ್ಲಿ ಪಂಪ ಕನ್ನಡ ಕೂಟ ಕಟ್ಟಿಕೊಳ್ಳುವಷ್ಟು ಕನ್ನಡಿಗರಿದ್ದಾರೆ. ನದಿಯ ಆಚೆ ದಡದ ವಿಂಡ್ಸರ್ ಕೆನಡಕ್ಕೆ ಸೇರಿದ್ದು. ಕೊಳ್ಳುವ ಸಾಮಾನಿನ ಮೇಲೆ ಈಚೆ ನೂರಕ್ಕೆ 6, ಆಚೆ 13 ತೆರಿಗೆ. ಇಷ್ಟನ್ನೇ ನೋಡಿದವರು ಈಚೆಯೇ ಲೇಸೆನ್ನುತ್ತಾರೆ. ಆದರೆ ಆಚೆ ವೈದ್ಯರ ಮತ್ತು ಆಸ್ಪತ್ರೆಯ ವೆಚ್ಚದ ಬಹುಭಾಗವನ್ನು ತೆರಿಗೆಗಳ ಹಣದಿಂದಲೇ ಸರ್ಕಾರ ಹೊರುತ್ತದೆ. ಈಚೆ ದುಡಿಯುವ ಸಂಸಾರ ವಿಮೆಗೆ ಬೇರೆಯಾಗಿ ಹಣ ಕಟ್ಟಬೇಕು. ಒಂದೇ ವೆಚ್ಚ ಒಂದು ದಡದಲ್ಲಿ ತೆರಿಗೆಯೆನಿಸಿಕೊಂಡು ಇನ್ನೊಂದು ದಡದಲ್ಲಿ ಮನೆಖರ್ಚೆನಿಸಿಕೊಳ್ಳುತ್ತದೆ. ಆರೋಗ್ಯವಂತ ತರುಣನ ಉತ್ತರವೇ ಬೇರೆ, ವಯಸ್ಸಾದ ತಂದೆತಾಯಿಗಳನ್ನು ಕರೆಸಿಕೊಂಡವನ ಉತ್ತರವೇ ಬೇರೆ.

ಮೈಸೂರಿನ ವಿಷಯಕ್ಕೆ ಮರಳಿದರೆ, ಗಡಿಯ ಈ ಲೆಕ್ಕಗಳು ಕೆಲವೇ ವರ್ಷಗಳಲ್ಲಿ ಮುಗಿದವು. 1947ರಲ್ಲಿ ಉಪ್ಪಿನ ಸುಂಕ ಹೋಯಿತು. 1950ರ ಏಪ್ರಿಲ್ 1ರಿಂದ ಇಂಡಿಯದ ಆದಾಯ ತೆರಿಗೆ ಮೈಸೂರಿಗೂ ವಿಸ್ತರಿಸಿತು. ಹಳೆಯ ಸಂಸ್ಥಾನಗಳಲ್ಲಿ ದರ ಕಡಮೆಯಿದ್ದ ಕಡೆ ಭಾರ ಒಮ್ಮೆಗೇ ಬೀಳದಂತೆ, ಅದೇ ವರ್ಷ ಹೊರಟ ಒಂದು ಆಜ್ಞೆ ಕೆಲವು ವರ್ಷಗಳ ರಿಯಾಯಿತಿಯನ್ನೂ ಕೊಟ್ಟಿತು. ಆದಾಯ ತೆರಿಗೆಯ ಗಡಿ ಹೀಗೆ ಅಳಿಯಿತು; ಸರಕಿನ ಮೇಲಿನ ಬಹುಪಾಲು ತೆರಿಗೆಗಳು ಒಂದು ಕಟ್ಟಿಗೆ ಬರುವುದಕ್ಕೆ 2017ರ ಜುಲೈವರೆಗೆ ಕಾಯಬೇಕಾಯಿತು. ಬಂದರಿನ ಸುಂಕ ಇಂದಿಗೂ ದೆಹಲಿಗೇ ಸಲ್ಲುತ್ತದೆ. ಆದರೆ ಅದನ್ನು ಗೊತ್ತುಮಾಡುವ ಲೋಕಸಭೆಗೆ 1952ರಲ್ಲಿ ಮುಗಿದ ಮೊದಲ ಚುನಾವಣೆಯಿಂದಲೂ ಶೀಳನೆರೆಯವರು ಮತ ಹಾಕುತ್ತಿದ್ದಾರೆ.